ಭಾನುವಾರ ಹತ್ತು ಗಂಟೆಯ ಫೋನು

ಬಂದ ಫೋನು ಎತ್ತಲು ನನಗೆ ಬರುವುದಿಲ್ಲ ಎಂದು ನಾನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಳ್ಳುವುದಾದರೂ ಹೇಗೆ? ಬೈಲಹೊಂಗಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಅದೇ ಇಲಾಖೆಯಲ್ಲಿ ಅರವತ್ತು ತುಂಬುವವರೆಗೆ ದುಡಿದು ನಿವೃತ್ತಳಾದವಳು ನಾನು. ಊರಿನ ದಲಾಲಿ ಅಂಗಡಿಯವರಿಗೆ ರಾಮದುರ್ಗದ ವ್ಯಾಪಾರಿ ಬೇಕಾದರೂ, ಕಿತ್ತೂರಿನವರಿಗೆ ಸವದತ್ತಿಯ ನೆಂಟರು ಬೇಕಾದರೂ ಒಂದು ಕಾಲಕ್ಕೆ ನಮ್ಮ ಬೋರ್ಡು ದಾಟಿಯೇ ಹೋಗಬೇಕಿತ್ತು. ವಯರಿನ ತುದಿ ಹಿಡಿದು, ಸರಿಯಾದ ತೂತಿಗೆ ಚುಚ್ಚಿ, "ಮಾತಾಡ್ರಿ" ಎಂದು ನಾನು ಹೇಳಿದ ಮೇಲೆಯೇ ಇಬ್ಬರಿಗೂ ಒಬ್ಬರ ದನಿ ಒಬ್ಬರಿಗೆ ಕೇಳುತ್ತಿತ್ತು. ಅಂಥವಳಿಗೆ ಅಂಗೈ ಮೇಲಿನ ಫೋನು ಎತ್ತಲು ಬರುವುದಿಲ್ಲ ಎಂದರೆ ನಗುವುದಿಲ್ಲವೇ?

ನನ್ನ ಹಳೆಯ ಗುಂಡಿ ಫೋನು ಬಟ್ಟೆ ನೆನೆಸಿಟ್ಟ ಬಕೆಟ್ಟಿಗೆ ಬಿದ್ದು ಕೆಟ್ಟ ಮೇಲೆ ಮಗ ಈ ಹೊಸದನ್ನು ತಂದುಕೊಟ್ಟ. ಅವನದು ಊರಲ್ಲೇ ಔಷಧದ ಅಂಗಡಿ. ಸಂಜೆ ಅಂಗಡಿಯಿಂದ ಬಂದವನು ಅರ್ಧ ಗಂಟೆ ಕೂತು ಎಲ್ಲ ತೋರಿಸಿದ. ತಾಯಿಗೆ ಅನುಕೂಲವಾಗಲಿ ಎಂದು ಅಕ್ಷರಗಳನ್ನೆಲ್ಲ ಕನ್ನಡ ಮಾಡಿಟ್ಟ. ನಾನು ಪ್ರತಿಯೊಂದಕ್ಕೂ ಗೊತ್ತಾಯಿತು, ಗೊತ್ತಾಯಿತು ಎಂದೆ. ಒಂದೂ ಗೊತ್ತಾಗಿರಲಿಲ್ಲ.

ಹಳೆಯದರಲ್ಲಿ ಹಸಿರು ಒತ್ತಿದರೆ ಎತ್ತುವುದು, ಕೆಂಪು ಒತ್ತಿದರೆ ಇಡುವುದು. ಕಣ್ಣು ಮುಚ್ಚಿಕೊಂಡೂ ಮಾಡಬಹುದಿತ್ತು. ಇದರಲ್ಲಿ ಗುಂಡಿಯೇ ಇಲ್ಲ, ಗುಂಡಿಯ ಚಿತ್ರವಿದೆ. ಅದನ್ನು ಒತ್ತಿದರೆ ಕೇಳುವುದಿಲ್ಲ, ಎಳೆಯಬೇಕು. ಒಮ್ಮೆ ಪರದೆಯ ತುಂಬ ಬಂದು ಕುಣಿಯುತ್ತದೆ, ಇನ್ನೊಮ್ಮೆ ಮೇಲಿನ ಅಂಚಿನಲ್ಲಿ ಬೆರಳಗಲದ ಪಟ್ಟಿಯಾಗಿ ಬಂದು, ಕನ್ನಡಕ ಹುಡುಕುವಷ್ಟರಲ್ಲಿ ಮಾಯವಾಗುತ್ತದೆ. ಕಿವಿಗೆ ಹಚ್ಚಿದರೆ ಪರದೆ ಕಪ್ಪಾಗುತ್ತದೆ. ಮಾತು ಮುಗಿದು ತೆಗೆದು ನೋಡಿದರೆ ಕೆಂಪು ಕಾಣುವುದಿಲ್ಲ. ನನ್ನ ಗಲ್ಲ ತಾಗಿ ಏನೋ ಒತ್ತಿಹೋಗಿ, ಆ ಕಡೆಯವರು ಹಲೋ ಹಲೋ ಎಂದು ಕೂಗುತ್ತಿದ್ದರೂ ನನ್ನ ದನಿ ಅವರಿಗೆ ಹೋಗುತ್ತಿರಲಿಲ್ಲ. ಒಬ್ಬರ ನಂಬರು ಇದೆಯೋ ಇಲ್ಲವೋ ನೋಡೋಣವೆಂದು ಹೆಸರು ಮುಟ್ಟಿದರೆ ಅವರಿಗೆ ಫೋನೇ ಹೋಗಿಬಿಡುತ್ತಿತ್ತು. ಒಮ್ಮೆ ಹಾಗೆ ಮುಟ್ಟಿದ್ದು ವಿಡಿಯೋ ಆಗಿ, ತಲೆಗೆ ಎಣ್ಣೆ ಹಚ್ಚಿಕೊಂಡು ಕೂದಲು ಬಿಚ್ಚಿ ಕೂತ ನನ್ನ ಮುಖ ಬೀಗರ ಮುಂದೆ ತೆರೆದುಕೊಂಡಿತು. ಅವರು ಮರ್ಯಾದಸ್ಥರು, ಊಟ ಆಯಿತೇ ಎಂದು ಕೇಳಿದರು. ನಾನು ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ಅಡುಗೆ ಮನೆಗೆ ಹೋಗಿ ನಿಂತೆ.

ಸೊಸೆ ಊರಿನ ಹೈಸ್ಕೂಲಿನಲ್ಲಿ ಟೀಚರು. ಕೇಳಿದರೆ ಹತ್ತು ಸಲ ಹೇಳಿಕೊಡುವ ಸ್ವಭಾವದವಳು. ನಾನು ಕೇಳಲಿಲ್ಲ. ಬಂದ ಫೋನು ಕಟ್ಟಾದಾಗಲೆಲ್ಲ, ಎರಡನೇ ಕೋಣೆಗೂ ಕೇಳುವ ಹಾಗೆ, ಈ ಓಣಿಯಲ್ಲಿ ನೆಟ್‌ವರ್ಕೇ ಇಲ್ಲ ಎಂದು ಗೊಣಗುತ್ತಿದ್ದೆ.

ನನಗೆ ತಪ್ಪದೆ ಬರುತ್ತಿದ್ದ ಫೋನು ಎಂದರೆ ಒಂದೇ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ನೇಸರಗಿಯಿಂದ ಮಾಡುತ್ತಿದ್ದರು. ಎಕ್ಸ್‌ಚೇಂಜಿನಲ್ಲಿ ನಾವಿಬ್ಬರೂ ಅಕ್ಕಪಕ್ಕದ ಕುರ್ಚಿಯವರು. ಬೋರ್ಡುಗಳು ಹೋಗಿ ಯಂತ್ರಗಳು ಬಂದ ಮೇಲೆ ಬಿಲ್ಲಿನ ಕೌಂಟರಿನಲ್ಲೂ ಅಕ್ಕಪಕ್ಕದಲ್ಲೇ ಕೂತೆವು. ಅವರ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ನಿವೃತ್ತಿಯ ನಂತರ ಅವರು ನೇಸರಗಿಯಲ್ಲಿ ಮನೆ ಕಟ್ಟಿಸಿಕೊಂಡು ಮಗಳೊಂದಿಗೆ ಅಲ್ಲಿಗೆ ಹೋದರು. ನಾನು ಬೈಲಹೊಂಗಲದಲ್ಲೇ ಉಳಿದೆ. ಅಲ್ಲಿಂದ ಶುರುವಾದ ಭಾನುವಾರದ ಫೋನು ಒಂದು ವಾರವೂ ತಪ್ಪಿರಲಿಲ್ಲ. ಮಾಡುತ್ತಿದ್ದವರು ಯಾವಾಗಲೂ ಅವರೇ. ನಾನು ಒಮ್ಮೆಯೂ ಮೊದಲು ಮಾಡಿರಲಿಲ್ಲ ಎಂಬುದು ಆಗ ನನಗೆ ಹೊಳೆದಿರಲೂ ಇಲ್ಲ.

ವಯಸ್ಸಿನಲ್ಲಿ ಅವರು ನನಗಿಂತ ಎರಡು ವರ್ಷ ದೊಡ್ಡವರು, ಕೆಲಸಕ್ಕೂ ಮೊದಲು ಸೇರಿದವರು. ಆದರೂ ನನ್ನನ್ನೇ ಅಕ್ಕಾರ ಎಂದು ಕರೆಯುತ್ತಿದ್ದರು. ನಮ್ಮದು ಹೂಲಿಯ ಪೌರೋಹಿತ್ಯದ ಮನೆತನ. ಅವರದು ಅಜ್ಜನ ಕಾಲದಲ್ಲಿ ಊರ ಹೊರಗಿನ ಕೇರಿಯಲ್ಲಿದ್ದು, ತಂದೆಯ ಕಾಲಕ್ಕೆ ಬೌದ್ಧರಾದ ಕುಟುಂಬ. ಅಕ್ಕಾರ ಎನ್ನುವುದು ಅಲ್ಲಿಂದ ಬಂದದ್ದು ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಬೇಡ ಎನ್ನಲಿಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ಮೊಮ್ಮಗನ ಮುಂಜಿವೆ ಮಾಡುವುದೆಂದು ನಿಶ್ಚಯವಾಯಿತು. ಹೂಲಿಯಲ್ಲಿ, ನನ್ನ ಅಣ್ಣನ ಮನೆಯಲ್ಲಿ. ಒಂದು ಭಾನುವಾರ ನೇಸರಗಿಯ ಗೆಳತಿ ಫೋನಿನಲ್ಲಿ, ಮುಂಜಿವೆ ಯಾವಾಗ ಇಟ್ಟುಕೊಂಡಿದ್ದೀರಿ ಎಂದು ಕೇಳಿದರು. ನಾನು, ದೊಡ್ಡದಾಗಿ ಏನೂ ಇಲ್ಲ, ಮನೆಮಂದಿ ಅಷ್ಟೇ ಸೇರಿ ಮಾಡುವುದು ಎಂದೆ. ಅದು ಸುಳ್ಳು. ಎಕ್ಸ್‌ಚೇಂಜಿನ ಹಳೆಯ ನಾಲ್ವರಿಗೆ ಆಗಲೇ ಕಾರ್ಡು ಕೊಟ್ಟಾಗಿತ್ತು. ಅಣ್ಣನ ಮನೆಯಲ್ಲಿ ಪಂಕ್ತಿಯ ಪ್ರಶ್ನೆ ಬರುತ್ತದೆ, ಗೆಳತಿಗೇ ಇರುಸುಮುರುಸು ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಣ್ಣ ಅಂಥದ್ದೇನೂ ಹೇಳಿರಲಿಲ್ಲ. ನಾನು ಅವನನ್ನು ಕೇಳಿಯೇ ಇರಲಿಲ್ಲ. ಅವರು ಫೋನಿನಲ್ಲಿ "ಹೌದೌದು, ಬಿಸಲಾಗ ಬಾಳ ಮಂದೀನ ಕೂಡಸೂದೂ ತ್ರಾಸ ಬಿಡ್ರಿ" ಎಂದು ನನಗೆ ಅನುಕೂಲವಾಗುವಂತೆಯೇ ಮಾತಾಡಿ ಬೇರೆ ವಿಷಯಕ್ಕೆ ಹೋದರು.

ಮುಂಜಿವೆ ಮುಗಿದು ಎರಡನೆಯ ಭಾನುವಾರ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಜೋಳದ ಹಿಟ್ಟು ನಾದುತ್ತಿದ್ದೆ, ಎರಡೂ ಕೈ ಹಿಟ್ಟು. ಫೋನು ಬಡಿದುಕೊಂಡಿತು. ಹೊಸ ಫೋನಿಗೆ ಹಳೆಯ ಹೆಸರುಗಳು ಪೂರ್ತಿ ಬಂದಿರಲಿಲ್ಲ, ಅವರದು ಬರಿಯ ಅಂಕಿಗಳಾಗಿ ಕಾಣುತ್ತಿತ್ತು. ಆಪರೇಟರಿಗೆ ಅಂಕಿ ಸಾಕು, ಅವರದೇ ಎಂದು ಗೊತ್ತಾಯಿತು. ಕಿರುಬೆರಳಿನಿಂದ ಎಳೆದೆ. ಕಟ್ಟಾಯಿತು. ಆಮೇಲೆ ಪರದೆಯ ಮೇಲೆ ಏನೋ ಒಂದು ಪ್ರಶ್ನೆ, ಅದರ ಕೆಳಗೆ ಒಂದೆರಡು ಶಬ್ದ. ಒಂದು 'ನಿರ್ಬಂಧಿಸಿ' ಎಂದಿತ್ತು. ಆ ಕನ್ನಡ ನನ್ನ ಮನೆಯ ಕನ್ನಡವಲ್ಲ. ಆದರೆ ಅರ್ಥವಾಗದ ಶಬ್ದವೂ ಅಲ್ಲ. ಓದಿದೆನೋ, ಓದದೆ ಒತ್ತಿದೆನೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಪರದೆ ಖಾಲಿಯಾದರೆ ಸಾಕೆಂದು ಒತ್ತಿದೆ. ಖಾಲಿಯಾಯಿತು. ಕೈ ತೊಳೆದು ನಾನೇ ತಿರುಗಿ ಮಾಡಬಹುದಿತ್ತು. ಬೇಕಾದರೆ ಅವರೇ ಮಾಡುತ್ತಾರೆ ಎಂದು ರೊಟ್ಟಿ ಬಡಿಯಲು ಕೂತೆ.

ಆ ದಿನ ಮತ್ತೆ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಅದರ ಮುಂದಿನದೂ.

ಮೂರನೆಯ ಭಾನುವಾರ ಹತ್ತು ಗಂಟೆಗೆ ಫೋನನ್ನು ಎದುರಿಗಿಟ್ಟುಕೊಂಡು ಕಾಯುತ್ತ ಕೂತಿದ್ದೆ ಎಂದು ಹೇಳಿದರೆ ನನ್ನ ಮರ್ಯಾದೆ ಸ್ವಲ್ಪ ಉಳಿದೀತು. ನಿಜ ಹೇಳಬೇಕೆಂದರೆ ಕಾಯುತ್ತಿದ್ದೆ, ಅದರ ಜೊತೆಗೆ ಬಾರದಿದ್ದರೆ ಒಳ್ಳೆಯದು ಎಂದೂ ಅನ್ನಿಸುತ್ತಿತ್ತು. ಮುಂಜಿವೆಯ ಸುದ್ದಿ ಅವರ ಕಿವಿಗೆ ಬಿದ್ದಿದೆ, ಸಿಟ್ಟಾಗಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಫೋನು ಬಂದರೆ ಆ ಮಾತು ಬರುತ್ತದೆ, ನಾನು ಉತ್ತರ ಕೊಡಬೇಕಾಗುತ್ತದೆ. ಆ ಹೆದರಿಕೆಯನ್ನು ಮುಚ್ಚಿಕೊಳ್ಳಲು ನಾನೇ ಸಿಟ್ಟಾದೆ. ಇಷ್ಟು ವರ್ಷದ ಗೆಳೆತನ ಒಂದು ಊಟದ ಕಾರಣಕ್ಕೆ ಬಿಟ್ಟುಹೋಗುವುದಾದರೆ ಹೋಗಲಿ ಎಂದುಕೊಂಡೆ. ಗಂಡನ ಮುಂದೆಯೂ ಒಮ್ಮೆ ಹಾಗೆಯೇ ಅಂದೆ. ಅವರು ಪೇಪರಿನಿಂದ ತಲೆ ಎತ್ತದೆ, "ನೀನ ಒಮ್ಮೆ ಹಚ್ಚಿ ನೋಡಬಾರದ?" ಎಂದರು. ನಾನೇಕೆ ಹಚ್ಚಲಿ ಎಂದು ಎದ್ದುಹೋದೆ.

ಶ್ರಾವಣದಲ್ಲಿ ಹೂಲಿಗೆ ಹೋಗಿದ್ದೆ. ಮರಳುವಾಗ ಸವದತ್ತಿಯಲ್ಲಿ ಇಳಿದು ಬೈಲಹೊಂಗಲದ ಬಸ್ಸಿಗೆ ಕಾಯುತ್ತಿದ್ದೆ. ಯಲ್ಲಮ್ಮನ ಗುಡ್ಡಕ್ಕೆ ಹೋಗಿಬರುವವರಿಂದ ಬಸ್‌ಸ್ಟ್ಯಾಂಡು ತುಂಬಿತ್ತು. ಆ ಗದ್ದಲದಲ್ಲಿ, ನೇಸರಗಿಯ ದಾರಿಯ ಯರಗಟ್ಟಿ ಬಸ್ಸು ನಿಲ್ಲುವ ಕಡೆಯಿಂದ ನನ್ನ ಗೆಳತಿ ನನ್ನತ್ತ ಬರುವುದು ಕಂಡಿತು. ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಕೊಡೆ. ಅವರು ಕೊಡೆಯನ್ನೇ ಎತ್ತಿ ನನಗೆ ಸನ್ನೆ ಮಾಡಿದರು. ಮುಖದಲ್ಲಿ ಸಿಟ್ಟಿನ ಗುರುತೇ ಇರಲಿಲ್ಲ.

ನಾನು ಚೀಲದಿಂದ ಫೋನು ತೆಗೆದು ಕಿವಿಗೆ ಹಚ್ಚಿದೆ.

ಯಾರೂ ಮಾಡಿರಲಿಲ್ಲ. ಯಾರಿಗೂ ಮಾಡಿರಲಿಲ್ಲ. ಪರದೆ ಕಪ್ಪಾಗಿಯೇ ಇತ್ತು. ನಾನು ಮುಖ ಸ್ವಲ್ಪ ಆಚೆ ತಿರುಗಿಸಿ, ಹೂಂ, ಹೌದು, ಹೇಳು ಎಂದು ಮಾತಾಡತೊಡಗಿದೆ. ಅವರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತರು. ಹತ್ತಿರ ಬರಲಿಲ್ಲ, ಕೈ ಮುಟ್ಟಿ ಕರೆಯಲಿಲ್ಲ. ಮಾತಾಡುವವರ ಮಾತಿನಲ್ಲಿ ಬಾಯಿ ಹಾಕಬಾರದೆಂದು ಎಕ್ಸ್‌ಚೇಂಜಿನಲ್ಲಿ ನಮಗೆ ಕಲಿಸಿದ್ದರಲ್ಲ, ಹಾಗೆ ನಿಂತು ಕಾದರು. ನಾನು ನಿಲ್ಲಿಸಲಿಲ್ಲ. ಮನೆಯ ವಿಷಯ, ಮಗನ ಅಂಗಡಿಯ ವಿಷಯ, ಹೂಲಿಯ ಮಳೆ, ಬಾಯಿಗೆ ಬಂದದ್ದನ್ನೆಲ್ಲ ಆ ಸತ್ತ ಫೋನಿಗೆ ಹೇಳಿದೆ. ಕಡೆಗಣ್ಣಿನಲ್ಲಿ ಅವರ ಕೊಡೆಯ ತುದಿ ಮಾತ್ರ ಕಾಣುತ್ತಿತ್ತು. ಕಂಡಕ್ಟರು ಯರಗಟ್ಟಿ ಯರಗಟ್ಟಿ ಎಂದು ಕೂಗಿದ. ಅವರು ಇನ್ನೂ ಒಂದು ಗಳಿಗೆ ನಿಂತರು. ಆಮೇಲೆ ಕೊಡೆಯ ತುದಿ ಸರಿದುಹೋಯಿತು. ಬಸ್ಸು ಹೊರಟು ಗೇಟು ದಾಟುವವರೆಗೂ ನಾನು ಫೋನು ಕಿವಿಯಿಂದ ತೆಗೆಯಲಿಲ್ಲ.

ಅವತ್ತು ಬೈಲಹೊಂಗಲದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಬಿಸಿಲಿಗೆ ಎಂದುಕೊಂಡೆ. ಆ ದಿನ ಬಿಸಿಲೇ ಇರಲಿಲ್ಲ, ಮೋಡ ಕವಿದಿತ್ತು.

ದೀಪಾವಳಿ ಹೋಯಿತು. ಸಂಕ್ರಾಂತಿಯೂ ಹೋಯಿತು. ಒಂದು ಸಂಜೆ ಫೋನಿನಲ್ಲಿ ಜಾಗವಿಲ್ಲ ಎಂದು ಏನೋ ಬರೆದು ಬರತೊಡಗಿತು. ಅದನ್ನು ತೆಗೆದುಕೊಡು ಎಂದು ಸೊಸೆಗೆ ಕೊಟ್ಟೆ. ಅವಳು ಊಟದ ಮೇಜಿನ ಮುಂದೆ ಕೂತು ಏನೇನೋ ಅಳಿಸುತ್ತಿದ್ದಳು. ನಾನು ಎದುರಿಗೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಅವಳ ಕೈ ನಿಂತಿತು.

"ಅತ್ತಿ, ಈ ನಂಬರ್ ಯಾರದು? ಇದನ್ನ ಯಾಕ ಬ್ಲಾಕ್ ಮಾಡೀರಿ?"

ಯಾವ ನಂಬರು ಎಂದೆ. ಅವಳು ಮೊದಲ ನಾಲ್ಕು ಅಂಕಿ ಓದಿದಳು. ಉಳಿದ ಆರನ್ನು ನಾನೇ ಹೇಳಿ ಮುಗಿಸಿದೆ. ಅವಳು ಫೋನನ್ನೂ ನನ್ನನ್ನೂ ನೋಡಿದಳು. ಆಮೇಲೆ ತನ್ನ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಪಟ್ಟಿಯನ್ನು ತೋರಿಸಿದಳು. ಬಂದರೂ ನನಗೆ ಬಡಿದುಕೊಳ್ಳದ ಫೋನುಗಳೆಲ್ಲ ಅಲ್ಲಿದ್ದವು. ಭಾನುವಾರ ಹತ್ತು ಗಂಟೆ. ಭಾನುವಾರ ಹತ್ತು ಗಂಟೆ. ಭಾನುವಾರ ಹತ್ತೂಕಾಲು. ನಡುವೆ ಒಂದು ಬುಧವಾರ, ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡು. ಬೇಸಿಗೆ ಮುಗಿದು, ಕಾರಹುಣ್ಣಿಮೆ ಕಳೆದು, ಶ್ರಾವಣದವರೆಗೂ ಹಾಗೆಯೇ ಬಂದಿದ್ದವು. ಕೊನೆಯದರ ತಾರೀಖು ನೋಡಿ ನಾನು ಸೊಪ್ಪು ಕೆಳಗಿಟ್ಟೆ. ಅದು ನಾನು ಹೂಲಿಯಿಂದ ಮರಳಿದ ದಿನ, ಸಂಜೆ. ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಹೊತ್ತು ಕಾದು ಹೋದವರು, ಮನೆ ಮುಟ್ಟಿ ಮತ್ತೊಮ್ಮೆ ಫೋನು ಮಾಡಿದ್ದರು. ಅದರ ನಂತರ ಒಂದೂ ಇರಲಿಲ್ಲ.

ಅಂದರೆ ಅವರಿಗೆ ನನ್ನ ಲೈನೇ ಸಿಗುತ್ತಿರಲಿಲ್ಲವೇ ಎಂದು ಕೇಳಿದೆ. ಇಷ್ಟು ದಿನ ನಾನು ಮಾಡಿದ್ದರೂ ಹೋಗುತ್ತಿರಲಿಲ್ಲವಲ್ಲ, ಎಂದೂ ಕೇಳಿದೆ. ಹೌದು ಎನ್ನಲಿ ಎಂದು ಆಸೆಯಿಂದ ಅವಳ ಮುಖ ನೋಡಿದೆ.

"ಇಲ್ಲತ್ತಿ, ನೀವು ಮಾಡಿದ್ರ ಹೋಗತಿತ್ತು. ಬಂದ್ ಆಗಿದ್ದು ಅವರ ಕಡೆಯಿಂದ ಬರೂದಷ್ಟ. ನಿಮ್ಮ ಕಡೆಯಿಂದ ಹೋಗೂದು ಚಾಲೂನ ಇತ್ತು."

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಚುಚ್ಚಬೇಕೆಂದಲ್ಲ. ಆದರೆ ಫೋನಿನ ಮೇಲೆ ಹೊರಿಸಬೇಕೆಂದು ನಾನು ಎತ್ತಿಕೊಂಡ ಹೊರೆ ಪೂರ್ತಿ ನನ್ನ ತಲೆಯ ಮೇಲೇ ಬಂದು ಕೂತಿತು. ಒಂಬತ್ತು ತಿಂಗಳಲ್ಲಿ ಒಂದು ಸಲ, ಒಂದೇ ಒಂದು ಸಲ ನಾನು ಆ ಹತ್ತು ಅಂಕಿ ಒತ್ತಿದ್ದರೆ ಆ ಕಡೆ ಅವರ ದನಿ ಬರುತ್ತಿತ್ತು.

ಬಂದ ಫೋನು ಎತ್ತಲು ನನಗೆ ಬರುವುದಿಲ್ಲ ಎಂದು ಆ ಸಂಜೆ ಸೊಸೆಗೆ ಹೇಳಿದೆ. ಅವಳು ನಗಲಿಲ್ಲ. ತನ್ನ ಫೋನಿನಿಂದ ನನಗೆ ಮಾಡಿ, ಎತ್ತಿ ಎಂದಳು. ಹನ್ನೊಂದು ಸಲ ತಪ್ಪಿದೆ, ಹನ್ನೆರಡನೆಯದಕ್ಕೆ ಸರಿಯಾಗಿ ಎತ್ತಿದೆ. ಆ ನಂಬರಿನ ತಡೆ ತೆಗೆದು, ಹೆಸರು ಬರೆದು ಕೊಟ್ಟಳು. ಈಗಲೇ ಮಾತಾಡಿ ಎಂದಳು. ನನಗೆ ಧೈರ್ಯವಾಗಲಿಲ್ಲ. ಫೋನಿನಲ್ಲಿ ಹೇಳುವ ವಿಷಯವಲ್ಲ, ಹೋಗಿಯೇ ಬರುತ್ತೇನೆ ಎಂದೆ.

ಎರಡು ದಿನ ಬಿಟ್ಟು ನೇಸರಗಿಗೆ ಹೋದೆ. ಅವರು ಮನೆ ಕಟ್ಟಿಸಿ ನಾಲ್ಕು ವರ್ಷವಾಗಿತ್ತು, ನಾನು ನೋಡಿರಲಿಲ್ಲ. ಬಸ್ ನಿಲ್ಲುವಲ್ಲಿ ಇಳಿದು, ಅಂಗಡಿಯೊಂದರಲ್ಲಿ ಟೆಲಿಫೋನ್ ಆಫೀಸಿನಲ್ಲಿದ್ದ ಬಾಯಿಯವರ ಮನೆ ಯಾವುದೆಂದು ಕೇಳಿದರೆ ಕೂಡಲೇ ತೋರಿಸಿದರು. ಚಿಕ್ಕ ಮನೆ, ಅಂಗಳದಲ್ಲಿ ಕರಿಬೇವಿನ ಗಿಡ. ಬಾಗಿಲ ಮೇಲೆ ತೋರಣದ ಮಾವಿನೆಲೆ ಒಣಗಿ ಸುರುಳಿಯಾಗಿತ್ತು. ಇಲ್ಲಿ ಏನೋ ಕಾರ್ಯ ಆಗಿದೆ ಎಂದು ಅದನ್ನು ನೋಡಿಯೇ ತಿಳಿಯಿತು.

ಅವರು ಬಾಗಿಲು ತೆರೆದರು. "ಬರ್ರಿ ಅಕ್ಕಾರ, ಕುಂದರ್ರಿ" ಎಂದರು. ನೀರು ತಂದಿಟ್ಟರು. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಎರಡು ಬಾಳೆಹಣ್ಣು ಮತ್ತು ಒಡೆಯದ ಬಿಸ್ಕಿಟ್ ಪೊಟ್ಟಣ ಇಟ್ಟುಕೊಂಡು ಬಂದರು. ಆ ತಟ್ಟೆಯನ್ನು ನೋಡಿ ನನಗೆ ತಲೆ ಎತ್ತಲಾಗಲಿಲ್ಲ. ಇಷ್ಟು ವರ್ಷ ಅಕ್ಕಪಕ್ಕ ಕೂತು, ಅವರ ಡಬ್ಬಿಯ ಪದಾರ್ಥವನ್ನು ನಾನು ಒಮ್ಮೆಯೂ ಅವರ ಎದುರಿಗೆ ತಿಂದವಳಲ್ಲ. ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ, ಮನೆಯಲ್ಲಿ ತಿನ್ನುತ್ತೇನೆ ಎಂದು ಕಾಗದದಲ್ಲಿ ಕಟ್ಟಿಕೊಳ್ಳುತ್ತಿದ್ದೆ. ದಾರಿಯಲ್ಲಿ ಹಾಲಿನವಳ ಎಮ್ಮೆಗೆ ಹಾಕಿ ಹೋಗುತ್ತಿದ್ದೆ. ಅದು ಅವರಿಗೆ ಗೊತ್ತಿಲ್ಲ ಎಂದು ನಂಬಿದ್ದೆ. ಯಾವುದು ನಾನು ತಿನ್ನುತ್ತೇನೆ, ಯಾವುದು ತಿನ್ನುವುದಿಲ್ಲ ಎಂಬುದು ಅವರಿಗೆ ಅಂದಿನಿಂದಲೂ ಬಾಯಿಪಾಠವಾಗಿತ್ತು.

ನಾನು ಫೋನಿನ ವಿಷಯ ಹೇಳಿದೆ. ಹಿಟ್ಟಿನ ಕೈ, ಎಳೆದದ್ದು, ಒತ್ತಿದ್ದು, ಸೊಸೆ ಕಂಡುಹಿಡಿದದ್ದು, ಎಲ್ಲ. ಅವರು ಪೂರ್ತಿ ಕೇಳಿದರು. ನಾನು ಮುಗಿಸಿದ ಮೇಲೆ ನಿಧಾನವಾಗಿ ಮಾತಾಡಿದರು. ಫೋನು ಹಚ್ಚಿದಾಗೆಲ್ಲ ಒಂದು ಸಲ ಬಡಿದು ನಿಲ್ಲುತ್ತಿತ್ತಂತೆ. ಎಂಗೇಜ್ ಇದ್ದರೆ ಹಾಗೆ ಕೇಳುವುದಿಲ್ಲ, ಕೈಯಿಂದ ಕಡಿದರೆ ಮಾತ್ರ ಹಾಗೆ ಕೇಳುತ್ತದೆ ಎಂದು ಅವರ ಕಿವಿಗೆ ಗೊತ್ತು. ಆದರೂ ಏನೋ ತೊಂದರೆ ಇರಬೇಕೆಂದು ಮಾಡುತ್ತಲೇ ಇದ್ದರಂತೆ. ಮಗಳು, ನನ್ನ ಫೋನಿನಿಂದ ಮಾಡಿ ನೋಡೋಣ ಎಂದರೆ ಅವರೇ ಬೇಡ ಎಂದರಂತೆ. ಮಾತಾಡಲು ಒಲ್ಲದವರನ್ನು ಬೇರೆ ನಂಬರಿನಿಂದ ಹಿಡಿಯುವುದು ಸರಿಯಲ್ಲ ಎಂದು.

ಮುಂಜಿವೆಗೆ ನಿಮ್ಮನ್ನು ಬಿಟ್ಟು ಉಳಿದವರನ್ನು ಕರೆದಿದ್ದೆ, ನೀವು ಅದಕ್ಕೆ ಸಿಟ್ಟಾಗಿ ಫೋನು ನಿಲ್ಲಿಸಿದಿರಿ ಎಂದು ತಿಳಿದಿದ್ದೆ ಎಂದೆ.

"ಅದು ಮುಂಜಿವಿ ಆದ ಮರುದಿನಾನ ನನಗ ಗೊತ್ತಾಗಿತ್ರಿ" ಎಂದರು ಅವರು. "ಕೆಟ್ಟನಿಸಿತು. ಆದರ ಅದಕ್ಕ ಮಾತು ಬಿಡೂದಿದ್ರ ನಾ ಎಂದೋ ಬಿಡಬೇಕಾಗಿತ್ತು."

ಆಮೇಲೆ ಮಗಳ ಮದುವೆಯ ವಿಷಯ ಹೇಳಿದರು. ಹುಡುಗ ಸವದತ್ತಿಯವನು. ಬಸ್‌ಸ್ಟ್ಯಾಂಡಿನಲ್ಲಿ ನಾನು ಕಂಡ ದಿನ ಅವರು ಬೀಗರ ಮನೆಗೆ ಹೋಗಿ ದಿನ ಗೊತ್ತು ಮಾಡಿಕೊಂಡು ಬರುತ್ತಿದ್ದರು. ಆ ಸುದ್ದಿಯನ್ನು ಮೊದಲು ನನಗೆ ಹೇಳಬೇಕೆಂದು ಕೊಡೆ ಎತ್ತಿದ್ದರು.

ನಾನು ಆ ದಿನ ಫೋನಿನಲ್ಲಿದ್ದೆ ಎಂದು ಬಾಯಿಯವರೆಗೆ ಬಂದ ಮಾತನ್ನು ನುಂಗಿದೆ. ಅವರೇ ಅದನ್ನು ಎತ್ತಿಕೊಂಡರು.

"ಆವತ್ತ ಆ ಕಡೆ ಯಾರೂ ಇರಲಿಲ್ರಿ ಅಕ್ಕಾರ. ಕೇಳೂ ಮಂದಿ ಇದ್ರ ಮಾತಾಡವರು ನಡುವ ಒಂದಿಷ್ಟು ತಡೀತಾರ. ನೀವು ತಡೀಲಿಲ್ಲ. ನನಗ ಅದು ಗೊತ್ತಾಗೂದಿಲ್ಲೇನು?" ಅವರ ದನಿ ಏರಲಿಲ್ಲ. "ನಾ ಏನ್ ತಿಳಕೊಂಡೆ ಅಂದ್ರ, ಮದುವಿ ಮಾತುಕತಿ ಸುದ್ದಿ ಯಾರೋ ನಿಮಗ ಮೊದಲ ಮುಟ್ಟಿಸ್ಯಾರ. ಫೋನ್ ಎತ್ತಿದ್ರ ಕರೀತಾಳ, ಕರದ್ರ ಬರಬೇಕಾಗತೈತಿ, ಬಂದ್ರ ಊಟಕ್ಕ ಕೂಡಬೇಕಾಗತೈತಿ. ಅದಕ್ಕ ಎತ್ತವಲ್ರು ಅಂತ ತಿಳಕೊಂಡೆ."

ಹಾಗಲ್ಲ, ಖಂಡಿತ ಹಾಗಲ್ಲ, ಕರೆದಿದ್ದರೆ ಓಡಿ ಬರುತ್ತಿದ್ದೆ, ಊಟಕ್ಕೂ ಕೂಡುತ್ತಿದ್ದೆ ಎಂದು ನಾನು ಅವಸರದಿಂದ ಹೇಳಿದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಟೊಳ್ಳಾಗಿ ಕೇಳಿತು. ಫೋನು ಸರಿಯಾಗಿ ಬಂದಿದ್ದರೆ ನಾನು ಏನು ಮಾಡುತ್ತಿದ್ದೆ? ಮದುವೆಗೆ ಹೋಗಿ, ಅಕ್ಷತೆ ಹಾಕಿ, ಉಡುಗೊರೆ ಕೊಟ್ಟು, ಇವತ್ತು ಉಪವಾಸ ಎಂದು ಹೇಳಿ ಬಂದುಬಿಡುತ್ತಿದ್ದೆ. ಅಂಥ ಉಪವಾಸಗಳನ್ನು ನಾನು ಮೊದಲೂ ಮಾಡಿದ್ದೆ. ಅವರು ನನ್ನ ಬಗ್ಗೆ ತಿಳಿದದ್ದು ಈ ಒಂದು ಸಲದ ಮಟ್ಟಿಗೆ ತಪ್ಪು, ಉಳಿದಂತೆ ಸರಿಯಾಗಿಯೇ ತಿಳಿದಿದ್ದರು.

ಅವರು ಎದ್ದು ಮದುವೆಯ ಆಲ್ಬಮ್ಮು ತಂದರು. ಬಿಳಿ ಸೀರೆಯುಟ್ಟ ಮಗಳು, ಬುದ್ಧನ ಮೂರ್ತಿಯ ಮುಂದೆ ಕೈಮುಗಿದು ಕೂತ ಜೋಡಿ. ಹಾಳೆ ತಿರುವುತ್ತ ಒಂದು ಕಡೆ ನಿಲ್ಲಿಸಿದರು. ಎಕ್ಸ್‌ಚೇಂಜಿನ ಹಳೆಯವರೆಲ್ಲ ಮದುಮಕ್ಕಳ ಹಿಂದೆ ಸಾಲಾಗಿ ನಿಂತಿದ್ದರು. ನನ್ನ ಮುಂಜಿವೆಯ ಊಟಕ್ಕೆ ಬಂದ ನಾಲ್ವರೂ ಇದ್ದರು. ಎಲ್ಲರೂ ನಿಮ್ಮನ್ನು ಕೇಳಿದರು ಎಂದರು. ನೀವೇನು ಹೇಳಿದಿರಿ ಎಂದು ಕೇಳಿದೆ.

"ಅಕ್ಕಾರಿಗೆ ಮೈಯಾಗ ಆರಾಮಿಲ್ಲ, ಫೋನ್ ಮಾಡಿ ಆಶೀರ್ವಾದ ಮಾಡ್ಯಾರ ಅಂತ ಹೇಳಿದೆ."

ನನ್ನ ಮರ್ಯಾದೆಯನ್ನು ಅವರು ಹಾಗೆ ಕಾದಿದ್ದರು. ನಾನು ಮಾಡದ ಫೋನನ್ನು ಮಾಡಿದೆನೆಂದು ಹೇಳಿ. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆಗ ಅತ್ತೆ. ಅವರು ನನ್ನ ಹೆಗಲ ಮೇಲೆ ಕೈ ಹಾಕಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಳು ನಿಲ್ಲುವವರೆಗೆ ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದರು.

ನನಗೆ ಚಹಾ ಮಾಡಿಕೊಡ್ತೀರೇನು ಎಂದು ಕೇಳಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಎದ್ದುಹೋದರು. ಮಾಡಿ ತಂದರು. ಸಕ್ಕರೆ ಜಾಸ್ತಿಯಾಗಿತ್ತು, ಇಬ್ಬರೂ ಕುಡಿದೆವು. ಈ ವಯಸ್ಸಿನಲ್ಲಿ ಒಂದು ಕಪ್ ಚಹಾ ಕುಡಿದು ಏನೋ ದೊಡ್ಡದು ಮಾಡಿದೆನೆಂದು ಅಂದುಕೊಳ್ಳುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಹೊರಡುವಾಗ ಬಾಗಿಲವರೆಗೆ ಬಂದು, ಹೋಗಿಬರ್ರಿ ಎಂದರು. ಫೋನು ಮಾಡುತ್ತೇನೆ ಎಂದೆ. ಹೂಂ ಎಂದರು.

ಆ ಭಾನುವಾರ ಹತ್ತು ಗಂಟೆಗೆ ನಾನೇ ಫೋನು ಹಚ್ಚಿದೆ. ಮೊದಲನೆಯದಕ್ಕೆ ಎತ್ತಲಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಹಚ್ಚಿದಾಗ ಎತ್ತಿ, ಹೇಳ್ರಿ ಎಂದರು. ಮೊದಲೆಲ್ಲ ಒಂದು ತಾಸು ಮಾತಾಡುತ್ತಿದ್ದವರು ಅಂದು ಐದು ನಿಮಿಷಕ್ಕೆ ಮಾತು ಮುಗಿಸಿದೆವು. ಈಗ ನಾಲ್ಕು ತಿಂಗಳಾಯಿತು. ಪ್ರತಿ ಭಾನುವಾರ ನಾನು ಮಾಡುತ್ತೇನೆ. ಕೆಲವು ಸಲ ಎತ್ತುತ್ತಾರೆ, ಕೆಲವು ಸಲ ಇಲ್ಲ. ಎತ್ತಿದಾಗ ಮಗಳ ವಿಷಯ, ಮೊಣಕಾಲು ನೋವಿನ ವಿಷಯ ಹೇಳುತ್ತಾರೆ. ಮಾತು ಸ್ವಲ್ಪ ಸ್ವಲ್ಪ ಉದ್ದವಾಗುತ್ತಿದೆ. ಒಮ್ಮೆ ನನ್ನ ಗಲ್ಲ ತಾಗಿ ದನಿ ನಿಂತುಹೋದಾಗ, ನಾನು ಒಂದೇ ಸಮ ಬಡಬಡಿಸುತ್ತಿದ್ದವಳು ಅರ್ಧ ನಿಮಿಷದ ಮೇಲೆ ಅದನ್ನು ಗಮನಿಸಿ ಸರಿ ಮಾಡಿಕೊಂಡೆ. ಅವರು ಇಟ್ಟಿರಲಿಲ್ಲ, ಕಾಯುತ್ತಿದ್ದರು.

ಅವರಾಗಿಯೇ ಇನ್ನೂ ಒಮ್ಮೆಯೂ ಮಾಡಿಲ್ಲ. ಆ ನಂಬರು ಮತ್ತೆ ಎಲ್ಲಾದರೂ ಬಂದ್ ಆಗಿದೆಯೇ ನೋಡು ಎಂದು ಎರಡು ಸಲ ಸೊಸೆಗೆ ಫೋನು ಕೊಟ್ಟೆ. ಎಲ್ಲ ಸರಿ ಇದೆ ಎಂದು ಎರಡು ಸಲವೂ ಹೇಳಿದಳು. ಮೂರನೆಯ ಸಲ ಕೇಳಲು ನನಗೆ ಮುಖವಿಲ್ಲ.